ಅರವತ್ತೊಂದು ಭಾನುವಾರ, ಇನ್ನೂರು ಯೂನಿಟ್

ಕೆಲಗೇರಿ, ಧಾರವಾಡ
ಗುರುವಾರ, ೧೭ ಜುಲೈ ೨೦೨೫

ಪ್ರಭಾ,

ಹೆಸರಿನ ಹಿಂದೆ ಒಂದು 'ಪ್ರಿಯ' ಬರೆದಿದ್ದೆ. ಸದ್ಯಕ್ಕೆ ಅದಕ್ಕೆ ನನಗೆ ಪರವಾನಗಿ ಇಲ್ಲವೆಂದು ಹೊಡೆದುಹಾಕಿದೆ. ಹೊಡೆದದ್ದು ಕಾಣುವ ಹಾಗೇ ಬಿಟ್ಟಿದ್ದೇನೆ, ಗಮನಿಸು.

ಮೊದಲು ಒಂದು ತಪ್ಪೊಪ್ಪಿಗೆ. ಉದಯಕುಮಾರ ಎಂಬ ನಾನು, ವಯಸ್ಸು ಐವತ್ತೊಂದು, ಕಾಲೇಜಿನಲ್ಲಿ ಇತಿಹಾಸ ಕಲಿಸುವವನು, ಯಾರ ಒತ್ತಾಯವೂ ಇಲ್ಲದೆ, ನೆಟ್ಟಗಿನ ಬುದ್ಧಿಯಲ್ಲಿ ಒಪ್ಪಿಕೊಳ್ಳುವುದೇನೆಂದರೆ: ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿ ಒಡೆದುಹೋದ ಅಷ್ಟೂ ಹಾಲಿಗೆ ನಾನೇ ಹೊಣೆ. ಗುರುಶಿದ್ದಪ್ಪನ ಎಮ್ಮೆ ನಿರ್ದೋಷಿ. ನೀನು ಶಾಲೆಗೆ ಹೊರಟ ಮೇಲೆ ನಾನು ಫ್ರಿಜ್ಜಿನ ಪ್ಲಗ್ ಕಿತ್ತಿಡುತ್ತಿದ್ದೆ. ನೀನು ಬರುವ ಅರ್ಧ ತಾಸು ಮೊದಲು ಮತ್ತೆ ಚುಚ್ಚುತ್ತಿದ್ದೆ. ನೀನು ಬಂದು, ಹಾಲು ಕಾಯಿಸಿ, ಅದು ಒಡೆದದ್ದನ್ನು ನೋಡಿ, 'ಈ ಗುರುಶಿದ್ದಪ್ಪ ನೀರಷ್ಟ ಅಲ್ಲ, ಮತ್ತೇನೋ ಹಾಕ್ತಾನ್ರಿ' ಅನ್ನುತ್ತಿದ್ದಾಗ ನಾನು ದಿನಪತ್ರಿಕೆಯ ಹಿಂದೆ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಕಡೆಗೆ ನೀನು ಅವನನ್ನು ಬಿಡಿಸಿ ಪ್ಯಾಕೆಟ್ ಹಾಲು ಹಚ್ಚಿದೆ. ಅದೂ ಒಡೆಯಿತು. ಆಗ ನೀನು ನಿನ್ನ ಪಾತ್ರೆಗಳ ಮೇಲೆಯೇ ಸಂಶಯ ಪಟ್ಟು ಮೂರು ಸಲ ಉಜ್ಜಿದೆ.

ನಿಮ್ಮವ್ವನಿಗೆ ಮಾತ್ರ ಎಲ್ಲ ಗೊತ್ತಿತ್ತು. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವರು ಅವರೊಬ್ಬರೇ. ಒಂದು ಮಧ್ಯಾಹ್ನ ನಾನು ಬಂದಾಗ, 'ಅಳಿಯಾರ, ತಂಪಿನ ಪೆಟ್ಟಿಗಿ ಬೆವತೈತ್ರಿ' ಅಂದರು. ಅಷ್ಟೇ. ನಿನಗೆ ಹೇಳಲಿಲ್ಲ. ಅಳಿಯನ ಮರ್ಯಾದೆಯನ್ನು ಕಸ್ತೂರೆವ್ವ ಕಾಯ್ದಷ್ಟು ಅಳಿಯ ಕಾಯ್ದುಕೊಳ್ಳಲಿಲ್ಲ.

ನಿನ್ನೆ ಗುರುಶಿದ್ದಪ್ಪನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹಿಂಡಿ ಕಲಸುತ್ತಿದ್ದವನು ತಲೆ ಎತ್ತದೆ, 'ನನಗ್ಯಾಕ ಕೇಳ್ತೀರಿ ಸರ್, ಹೆಸರ ಕೆಟ್ಟದ್ದು ಅದರದು, ಅದಕ್ಕ ಕೇಳ್ರಿ' ಎಂದು ಎಮ್ಮೆಯ ಕಡೆ ಕೈ ಮಾಡಿದ. ಕೇಳಿದೆ. ಎಮ್ಮೆ ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿತು. ಎರಡು ತಿಂಗಳಿಂದ ನನಗೆ ಇದು ರೂಢಿಯಾಗಿದೆ.

ಇಷ್ಟುದ್ದ ಹಾಲಿನ ಕಥೆ ಯಾಕೆ ಅನ್ನುತ್ತೀ. ನೀನು ಕೇಳಿದ್ದು ಹಾಲನ್ನಲ್ಲ. ಹದಿನೈದು ದಿನಗಳಿಂದ ನೀನು ಕೇಳುತ್ತಿರುವುದು ಒಂದೇ: ಅವ್ವನ ಧ್ವನಿ ಕಳಿಸಿರಿ. ಬರುವ ಭಾನುವಾರ ಅವರು ತೀರಿಕೊಂಡು ವರ್ಷ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನೀನೀಗ ಇರುವ ತಮ್ಮನ ಮನೆಗೆ ನಿಮ್ಮ ಬಳಗವೆಲ್ಲ ಬರುತ್ತದೆ. ಬ್ಯಾಂಕಿನ ನೌಕರಿಯಲ್ಲಿ ಇಷ್ಟು ವರ್ಷ ಕಲಬುರ್ಗಿಯಲ್ಲೇ ಕಳೆದು ಈಗ ಊರಿಗೆ ಬಂದಿರುವ ನಿನ್ನ ತಮ್ಮ ಶಶಿಕುಮಾರ, ನೀನು ಫೋನಿನಲ್ಲಿ ತುಂಬಿಕೊಂಡಿದ್ದ ಅವ್ವನ ಮಾತುಗಳಲ್ಲಿ ಒಂದನ್ನೂ ಕೇಳಿಲ್ಲ. ಅದಕ್ಕೆಂದೇ ದೊಡ್ಡ ಸ್ಪೀಕರ್ ತಂದಿಟ್ಟಿದ್ದಾನೆ. ಇದೆಲ್ಲ ನಿನ್ನ ಸಂದೇಶಗಳಲ್ಲೇ ಇದೆ. ನಾನು ಮೊದಲ ಸಲ 'ನೆಟ್ ನಿಧಾನ ಐತಿ' ಎಂದೆ. ಎರಡನೆಯ ಸಲ 'ಕಾಪಿ ಆಗಾಕತ್ತೈತಿ' ಎಂದೆ. ಮೂರನೆಯ ಸಲ ಒಂದು ಹೆಬ್ಬೆರಳು ಕಳಿಸಿದೆ. ಆ ಹೆಬ್ಬೆರಳಿಗೆ ನಾಚಿಕೆಯಾಗಿ ಈಗ ಪೆನ್ನು ಹಿಡಿದಿದೆ. ಫೋನಿನಲ್ಲಿ ಹೇಳಿದರೆ ನೀನು ಸುಮ್ಮನಾಗುತ್ತೀ, ಆ ಸುಮ್ಮನಿರುವಿಕೆಯನ್ನು ನನ್ನಿಂದ ಕೇಳಿಸಿಕೊಳ್ಳಲಾಗದು. ನಮ್ಮ ಕಾಲೇಜಿನ ಗುಮಾಸ್ತ ಇಸ್ತಿಯಾಕ ನಿಮ್ಮ ಓಣಿಯ ಹಿಂದೆಯೇ ಇರುವುದರಿಂದ ಅವನ ಕೈಯಲ್ಲಿ ಕೊಡುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಇತಿಹಾಸದವರಿಗೆ ಬೇರೆ ರೀತಿ ಬರುವುದಿಲ್ಲ.

ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಯಾವುದೋ ಕಂಪನಿ ಮುಚ್ಚಿ, ಅದರ ಸಾಮಾನು ಹುಬ್ಬಳ್ಳಿಯ ಮುಜಾಫರನ ಹಳೆ ಕಂಪ್ಯೂಟರ್ ಅಂಗಡಿಗೆ ಬಂದಿತ್ತಲ್ಲ, ಮೂರು ವರ್ಷದ ಹಿಂದೆ. ಅದರಲ್ಲಿ ಆ ಸರ್ವರ್ ಇತ್ತು. ಇಬ್ಬರು ಹೊತ್ತು ತಂದರು. ಸಣ್ಣ ಖೋಲಿಯಲ್ಲಿಟ್ಟು ಗುಂಡಿ ಒತ್ತಿದೆ. ಹಿಟ್ಟಿನ ಗಿರಣಿ ಶುರುವಾದಂತಾಯಿತು. ನಿಮ್ಮವ್ವ ಬಂದು ಇದರ ಹೆಸರೇನು ಎಂದು ಕೇಳಿದರು. ಸರ್ವರ್ ಅಂದೆ. 'ಹಂಗಾರ ಎರಡ ಚಾ ಹೇಳ್ರಿ' ಅಂದರು. ಮೂರು ವರ್ಷದಲ್ಲಿ ಅದರ ಬಗ್ಗೆ ಯಾರಾದರೂ ಇಟ್ಟ ಅತ್ಯಂತ ಸಾಧುವಾದ ಬೇಡಿಕೆ ಅದೇ ಇರಬೇಕು.

ಆಮೇಲೆ ಜಾಲ ಹಾಸಿದೆ. ಮೂರು ಖೋಲಿಯ ಮನೆಗೆ ಆಫೀಸಿನ ದಪ್ಪ ಕೇಬಲ್ಲು. ನಡುಮನೆಯ ಗೋಡೆಗುಂಟ, ಅಡುಗೆಮನೆಯ ಚೌಕಟ್ಟಿನ ಮೇಲೆ, ನಿಮ್ಮವ್ವನ ಮಂಚದ ಹಿಂದೆ. ಒಂದು ಇಡೀ ಸಿನಿಮಾ ಈ ಖೋಲಿಯಿಂದ ಆ ಖೋಲಿಗೆ ಎಂಟು ಸೆಕೆಂಡಿನಲ್ಲಿ ಹೋಗುತ್ತದೆ ಎಂದು ನಿನಗೆ ತೋರಿಸಿದೆ. ನೀನು ಒಂದು ಗಳಿಗೆ ಯೋಚಿಸಿ, 'ಹತ್ತ ಹೆಜ್ಜಿ ನಡದು ಆ ಖೋಲ್ಯಾಗ ಕುಂತು ನೋಡಿದ್ರ ಆಗೂದಿಲ್ಲೇನ್ರಿ?' ಅಂದೆ.

ಕರೆಂಟು ಎಷ್ಟು ತಿನ್ನುತ್ತದೆ ಎಂದು ನೀನು ಕೇಳಿದ್ದೆ. ಝೀರೋ ಬಲ್ಬಿನಷ್ಟು ಎಂದು ನಾನು ಹೇಳಿದ್ದೆ. ಅದು ದಿನಕ್ಕೆ ಮೂರು ಯೂನಿಟ್ ಮೇಲೆ ತಿನ್ನುತ್ತಿತ್ತು, ತಿಂಗಳಿಗೆ ನೂರು. ಅಂದರೆ ನಾವು ಮೂವರು ಮನುಷ್ಯರು, ಫ್ರಿಜ್ಜು, ಮಿಕ್ಸಿ, ಟಿವಿ, ಫ್ಯಾನು ಎಲ್ಲ ಸೇರಿ ತಿನ್ನುವುದಕ್ಕಿಂತ ಐದು ಹೆಚ್ಚು. ಮನೆಯಲ್ಲಿ ಇನ್ನೊಂದು ಸಂಸಾರ ಇಟ್ಟಂತೆ. ಆ ಮೇಲೆ ಸರ್ಕಾರದ ಉಚಿತ ವಿದ್ಯುತ್ತು ಬಂತು. ಇನ್ನೂರು ದಾಟದಿದ್ದರೆ ಬಿಲ್ಲಿಲ್ಲ, ದಾಟಿದರೆ ಇಡೀ ಬಿಲ್ಲು ತಲೆಗೆ. ನಾವು ತೊಂಬತ್ತೈದು, ಅದು ನೂರು. ಐದು ಯೂನಿಟ್ಟಿನ ಅಂಚಿನಲ್ಲಿ ನಾನು ಎರಡು ವರ್ಷ ಸಂಸಾರ ಮಾಡಿದೆ. ಫ್ರಿಜ್ಜು ಕಿತ್ತದ್ದು ಅದಕ್ಕೆ. ನಿನ್ನ ಇಸ್ತ್ರಿಪೆಟ್ಟಿಗೆ 'ಕೆಟ್ಟದ್ದು' ಅದಕ್ಕೆ. ಸರ್ವರಿಗೆ ಹಚ್ಚಿದ್ದ ಬ್ಯಾಟರಿ ಸುಮ್ಮನೆ ಕೂತರೂ ಕರೆಂಟು ಕುಡಿಯುತ್ತದೆಂದು ಅದನ್ನೂ ಬಿಚ್ಚಿಟ್ಟೆ. ಫ್ರಿಜ್ಜನ್ನು ಹಗಲು ಆರಿಸಿದರೆ ಸಂಜೆ ಮತ್ತೆ ತಂಪಾಗಲು ಅದು ಉಳಿಸಿದ್ದನ್ನೆಲ್ಲ ಕುಡಿಯುತ್ತದೆ ಎಂದು ತಿಳಿದದ್ದು ಮೊನ್ನೆ. ಎರಡು ವರ್ಷದ ಹಾಲು ಒಡೆದದ್ದು ಸೊನ್ನೆ ಯೂನಿಟ್ಟಿಗಾಗಿ.

ಏಪ್ರಿಲ್‌ನಲ್ಲಿ ಸೆಕೆ ಹೆಚ್ಚಾಗಿ ಸರ್ವರಿಗೆ ಒಂದು ಫ್ಯಾನು ಇಟ್ಟೆ. ಇನ್ನೂರ ಹದಿನೇಳು ಬಂತು. ನೀನು ಬಿಲ್ಲು ಹಿಡಿದು ನಿಂತಾಗ ಮೀಟರೇ ಕೆಟ್ಟು ಜೋರಾಗಿ ಓಡುತ್ತಿದೆ ಎಂದು ನಾನು ಹೇಳಿದೆ. ನೀನು ನಂಬಿದೆ. ನಂಬಿ, ಆ ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ಬರೆದು, ಸಾಲಿನಲ್ಲಿ ನಿಂತು ಕೊಟ್ಟು ಬಂದೆ. ಲೈನ್‌ಮನ್ ಬಂದ. ಎಲ್ಲ ಆರಿಸಿ ಅಂದ. ನೀನು ಎಲ್ಲ ಆರಿಸಿದೆ. ಮೀಟರಿನ ಕೆಂಪು ದೀಪ ಮಿಟುಕುತ್ತಲೇ ಇತ್ತು. ಓಣಿಯ ನಾಲ್ಕು ಮಂದಿಯ ಮುಂದೆ ಅವನು, 'ಬಾಯಾರ, ಮೀಟರ್ ಖರೇ ಹೇಳಾಕತ್ತೈತ್ರಿ. ಮನ್ಯಾಗ ಮತ್ತ ಯಾರ ಸುಳ್ಳ ಹೇಳಾಕತ್ತಾರ ನೋಡ್ರಿ' ಅಂದ. ನೀನು ಸಣ್ಣ ಖೋಲಿಯ ಕಡೆ ನೋಡಿದೆ. ಆಮೇಲೆ ನನ್ನ ಕಡೆ. ಮರುವಾರ ಎಂಟು ದಿನ ಶಶಿಯ ಮನೆಯಲ್ಲಿ ಇದ್ದು ಬರುತ್ತೇನೆ ಎಂದು ಚೀಲ ತುಂಬಿದೆ. ಇವತ್ತಿಗೆ ಒಂಬತ್ತು ವಾರ. ಶಾಲೆ ಶುರುವಾದ ಮೇಲೂ ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಬಂದು, ಹೋಗಿ ಮಾಡುತ್ತೀ. ಮನೆಗೆ ಬರಲು ಕೆಲಗೇರಿಯ ರಸ್ತೆ ನಿನಗೆ ಸಿಗುತ್ತಿಲ್ಲ. ಸರ್ವರ್ ತಂದ ಮನೆಯಿಂದ ಸರ್ವರೂ ಹೋದರು, ನಾನು ಉಳಿದೆ.

ಈಗ ಧ್ವನಿಯ ಮಾತು.

ಅವ್ವನನ್ನು ಎದುರು ಕೂರಿಸಿಕೊಂಡು ಭಾನುವಾರ ಭಾನುವಾರ ಅವರ ಜೀವನ ಹೇಳಿಸಿ ಫೋನಿನಲ್ಲಿ ತುಂಬಿಕೊಂಡವಳು ನೀನು. ಅರವತ್ತೊಂದು ಭಾನುವಾರ. ನಿನ್ನ ಫೋನು ತುಂಬಿತೆಂದು ಅದನ್ನು ಖಾಲಿ ಮಾಡಿಕೊಟ್ಟವನು ನಾನು. ಮೂರು ಪ್ರತಿ ಇವೆ, ಭೂಕಂಪವಾದರೂ ಹೋಗುವುದಿಲ್ಲ ಎಂದಿದ್ದೆ. ಒಂದು ಸರ್ವರಿನಲ್ಲಿ, ಎರಡನೆಯದು ಅದರ ಪಕ್ಕದ ಸಣ್ಣ ಡಬ್ಬಿಯಲ್ಲಿ, ಮೂರನೆಯದು ತಿಂಗಳ ಬಾಡಿಗೆ ಕೊಟ್ಟು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ, ಅವರು ಅದಕ್ಕೆ ಮೋಡ ಅನ್ನುತ್ತಾರೆ. ಕಳೆದ ಸೆಪ್ಟೆಂಬರಿನಲ್ಲಿ, ಸ್ವಂತ ಮನೆ ಇರುವಾಗ ಬಾಡಿಗೆ ಮೋಡ ಯಾಕೆಂದು ಅದನ್ನು ಬಿಡಿಸಿದೆ. ಮಾರ್ಚಿನಲ್ಲಿ ಯೂನಿಟ್ ಉಳಿಸಲೆಂದು ಸಣ್ಣ ಡಬ್ಬಿಯನ್ನೂ ಆರಿಸಿಟ್ಟೆ.

ನೀನು ಹೋದ ಮೇಲೆ, ಮೇ ಕೊನೆಗೆ, ಒಂದು ಸಂಜೆ ಗುಡುಗು ಸಿಡಿಲಿನ ಅಡ್ಡಮಳೆ ಬಂತು. ಕರೆಂಟು ಹೋಯಿತು, ಬಂತು, ಹೋಯಿತು, ಬಂತು. ಬ್ಯಾಟರಿ ನಾನೇ ಬಿಚ್ಚಿದ್ದೆ. ಸಣ್ಣ ಖೋಲಿಯಲ್ಲಿ ಟಪ್ ಎಂದು ಸಪ್ಪಳವಾಯಿತು. ನಾಲ್ಕು ಡಿಸ್ಕಿನಲ್ಲಿ ಎರಡು ಸತ್ತವು, ಉಳಿದೆರಡರಿಂದ ಏನೂ ಓದಲು ಬರಲಿಲ್ಲ. ಆದರೂ ನಾನು ಹೆದರಲಿಲ್ಲ, ಪ್ರಭಾ. ಡಬ್ಬಿ ಇತ್ತಲ್ಲ. ಆರಿಸಿಟ್ಟದ್ದರಿಂದಲೇ ಅದಕ್ಕೆ ಸಿಡಿಲು ಗಿಡಿಲು ಏನೂ ತಾಗಿರಲಿಲ್ಲ. ಅರವತ್ತೊಂದೂ ಭಾನುವಾರ ಅದರೊಳಗೆ ತಣ್ಣಗೆ ಕೂತಿದ್ದವು. ನನ್ನ ಜಿಪುಣತನ ಜೀವಮಾನದಲ್ಲಿ ಒಮ್ಮೆ ಪುಣ್ಯದ ಕೆಲಸ ಮಾಡಿತ್ತು.

ಜೂನ್ ಎರಡನೆಯ ಶನಿವಾರ, ಮಧ್ಯಾಹ್ನ. ಮುಜಾಫರನಿಂದ ಹೊಸ ಡಿಸ್ಕು ತಂದು ಸರ್ವರ್ ಎಬ್ಬಿಸಿದೆ. ಮೊದಲಿಗೆ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಉಪನ್ಯಾಸದ ವಿಡಿಯೋಗಳನ್ನು ಅದಕ್ಕೆ ಹಾಕಿದೆ, ಲಾಕ್‌ಡೌನಿನಲ್ಲಿ ಮಾಡಿದ್ದವು. ಆಮೇಲೆ ಡಬ್ಬಿಯ ಗುಂಡಿ ಒತ್ತಿದೆ. ಆ ಡಬ್ಬಿಗೆ ನಾನು ಮೂರು ವರ್ಷದ ಹಿಂದೆ ಕಲಿಸಿದ್ದ ಪಾಠ ಒಂದೇ: ಸರ್ವರಿನಲ್ಲಿ ಏನಿದೆಯೋ ನಿನ್ನಲ್ಲೂ ಅದೇ ಇರಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದನ್ನು ಮರೆತವನು ನಾನು. ಡಬ್ಬಿ ಮರೆತಿರಲಿಲ್ಲ. ಎದ್ದ ಕೂಡಲೆ ಸರ್ವರಿನ ಕಡೆ ನೋಡಿತು. ಅಲ್ಲಿ ಅತ್ತೆ ಇರಲಿಲ್ಲ. ವಿಧೇಯ ವಿದ್ಯಾರ್ಥಿಯಂತೆ ತನ್ನಲ್ಲಿದ್ದ ಅತ್ತೆಯನ್ನೂ ತೆಗೆಯತೊಡಗಿತು.

ಪರದೆಯ ಮೇಲೆ ಹೆಸರುಗಳು ಹೋದವು. ನೀನೇ ಇಟ್ಟ ಹೆಸರುಗಳು. ಅವ್ವ ಏಳು, ಸಾಲಿಗೆ ಹೋದ ಮೊದಲನೇ ದಿನ. ಅವ್ವ ಹತ್ತೊಂಬತ್ತು, ಬಾವಿಕಟ್ಟಿ. ಅವ್ವ ಇಪ್ಪತ್ತೆರಡು, ಅಪ್ಪಗ ಸಹಿ ಕಲಿಸಿದ್ದು. ಅವ್ವ ನಲವತ್ತು, ಬರೀ ನಗಿ. ಅವ್ವ ಅರವತ್ತೊಂದು, ದಣಿವಾಗೈತಿ. ಪ್ರತಿ ಹೆಸರಿನ ಮುಂದೆ, ಅಳಿಸಲಾಗಿದೆ, ಅಳಿಸಲಾಗಿದೆ. ಒರೆಸಿಹಾಕುವುದಕ್ಕೂ ಕಣ್ಣೀರು ತರಿಸುವುದಕ್ಕೂ ಕನ್ನಡದಲ್ಲಿ ಒಂದೇ ಮಾತು ಇರುವುದನ್ನು ನಾನು ತರಗತಿಯಲ್ಲಿ ತಮಾಷೆಗೆ ಹೇಳುತ್ತಿದ್ದೆ. ಇನ್ನು ಹೇಳುವುದಿಲ್ಲ. ಕೇಬಲ್ಲು ಕಿತ್ತುಬಿಡಬೇಕೆಂದು ಕೈ ಚಾಚಿದೆ. ಚಾಚುವುದರೊಳಗೆ ಮುಗಿದಿತ್ತು. ಆ ದುಬಾರಿ ವೇಗ ಬೇಡವಾದ ಒಂದೇ ಒಂದು ದಿನ ಅದು ಪೂರ್ತಿ ಕೆಲಸ ಮಾಡಿತು.

ಮುಜಾಫರನ ಹತ್ತಿರ ಒಯ್ದೆ. ಹನ್ನೊಂದು ದಿನ ಇಟ್ಟುಕೊಂಡ, ಬೇರೆ ಕೆಲಸ ಬಿಟ್ಟು ಕೂತ. ಹನ್ನೆರಡನೆಯ ದಿನ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, 'ಸರ್, ಬರೇ ಅಳಿಸಿದ್ರ ತಗೀತಿದ್ನಿ. ಅದರ ಮ್ಯಾಲ ಬ್ಯಾರೇದು ಕುಂತೈತಿ' ಅಂದ. ಏನು ಕೂತಿದೆ ಎಂದು ಕೇಳಿದೆ. ಅವನು ನೆಲ ನೋಡಿಕೊಂಡು, 'ನಿಮ್ಮ ಪಾಠ ರೀ' ಅಂದ. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ತನ್ನ ಅಮ್ಮಿಯ ಫೋಟೊ ಒಂದೇ ಇರುವುದಾಗಿ, ಅದೂ ರೇಷನ್ ಕಾರ್ಡಿನದೆಂದು ಹೇಳಿದ.

ಹೀಗೆ ಕಸ್ತೂರೆವ್ವನ ಮಾತಿನ ಮೇಲೆ ನಾನು ಮಾತಾಡಿಬಿಟ್ಟೆ. ಭಾನುವಾರ ಶಶಿಯ ಸ್ಪೀಕರಿಗೆ ಹಾಕಲು ಏನೂ ಇಲ್ಲ. ಇದನ್ನು ಬರೆದು ಮುಗಿಸಲು ಇಷ್ಟು ಪುಟ ಬೇಕಾಯಿತು. ಎಮ್ಮೆಯ ಹಿಂದೆ ಅಡಗಿಕೊಂಡು ಶುರುಮಾಡಿದ್ದು ನಿನಗೆ ಮೊದಲೇ ಗೊತ್ತಾಗಿರುತ್ತದೆ.

ಮಂಗಳವಾರ ಸರ್ವರ್ ಆರಿಸಿದೆ. ಮನೆಯಲ್ಲಿ ಈಗ ಸದ್ದಿಲ್ಲ. ಇಷ್ಟು ಸದ್ದಿಲ್ಲದಿರುವುದನ್ನು ನಾನು ಮೂರು ವರ್ಷದಿಂದ ಕಿವಿಗೊಟ್ಟು ಕೇಳಿರಲಿಲ್ಲ. ಅಡುಗೆಮನೆಯ ನಳದಿಂದ ಹನಿ ಬೀಳುವುದು ನಡುಮನೆಗೆ ಕೇಳುತ್ತದೆ. ನಿಮ್ಮವ್ವನ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಬೆನ್ನಿಗೆ ಆ ಕೇಬಲ್ಲು ಒತ್ತುತ್ತದೆ. ಅವರಿಗೂ ಒತ್ತುತ್ತಿತ್ತೋ ಏನೋ, ಎಂದೂ ಹೇಳಲಿಲ್ಲ.

ಆದರೆ ಪ್ರಭಾ, ಎಲ್ಲ ಹೋಗಿಲ್ಲ. ನಾಲ್ಕನೆಯ ಪ್ರತಿ ಒಂದಿದೆ. ಅದಕ್ಕೆ ಕರೆಂಟು ಬೇಡ, ಸಿಡಿಲು ತಾಗದು. ಅದು ನಾನು. ನೀವಿಬ್ಬರೂ ನಡುಮನೆಯಲ್ಲಿ ಕೂತು ಮಾತಾಡುವಾಗ ನಾನು ಪಕ್ಕದ ಖೋಲಿಯಲ್ಲೇ ಇರುತ್ತಿದ್ದೆ, ಅರವತ್ತೊಂದು ಭಾನುವಾರವೂ. ಬಾಯಿಮಾತಿನ ಚರಿತ್ರೆ ನನ್ನ ವೃತ್ತಿ. ಹಳ್ಳಿ ಹಳ್ಳಿ ತಿರುಗಿ ಮುದುಕರ ಮಾತು ಕೇಳಿಸಿಕೊಂಡು, ಟೇಪಿಲ್ಲದೆ ಮನೆಗೆ ಬಂದು ಅಕ್ಷರ ಬಿಡದೆ ಬರೆದವನು. ಇನ್ನೂರು ಪುಟದ ನೋಟ್‌ಬುಕ್ ತಂದಿದ್ದೇನೆ. ಭಾನುವಾರ ಅದನ್ನು ಹಿಡಿದು ಬಂದು ಎಲ್ಲರ ಮುಂದೆ ನಾನೇ ಓದುತ್ತೇನೆ. ಏಳನೆಯ ಭಾನುವಾರವನ್ನೇ ನೋಡು: ಸಾಲಿಗೆ ಹೋದ ಮೊದಲನೇ ದಿನ. ಬರಿಗಾಲು, ಬಿಸಿಲಿಗೆ ಅಂಗಾಲು ಸುಡುತ್ತಿತ್ತು. ಕೈಯಲ್ಲಿ ಅಣ್ಣನ ಒಡೆದ ಪಾಟಿ, ಅರ್ಧ ಚೂರು. ಬಾಗಿಲಲ್ಲಿ ನಿಂತವರನ್ನು ಮಾಸ್ತರರು ಒಳಗೆ ಕರೆದು ಹೆಸರು ಕೇಳಿದರು. ನಿಮ್ಮವ್ವನಿಗೆ ತಮ್ಮ ಹೆಸರೇ ಮರೆತುಹೋಗಿತ್ತು. ನೋಡಿದೆಯಾ, ಒಂದು ಕಾಳೂ ಉದುರಿಲ್ಲ. ಅವರ ದನಿಯನ್ನು ನಾನು ತರಲಾರೆ. ಅವರ ಮಾತನ್ನು ತರುತ್ತೇನೆ. ಶಶಿ ಕೇಳಲಿ. ನೀನು ಕಣ್ಣು ಮುಚ್ಚಿಕೊಂಡು ಕೇಳು.

ಬಾ ಎಂದು ಕರೆಯುವುದಿಲ್ಲ. ಭಾನುವಾರ ನನಗೆ ಒಳಗೆ ಬರಲು ಬಿಟ್ಟರೆ ಸಾಕು. ಬಾಗಿಲ ಹತ್ತಿರ ಒಂದು ಕುರ್ಚಿ ಇಟ್ಟಿರು.

ಇನ್ನೂರರೊಳಗೂ ಇಲ್ಲದ, ಹೊರಗೂ ಇಲ್ಲದ
ನಿನ್ನ
ಉದಯ

ತಾ.ಕ.: ಇಸ್ತಿಯಾಕ ಬರಲು ಇನ್ನೂ ಇಪ್ಪತ್ತು ನಿಮಿಷವಿದೆ. ಲಕೋಟೆಗೆ ಅಂಟು ಹಚ್ಚಿ ಮತ್ತೆ ಹರಿದೆ. ಸುಡುವ ಅಂಗಾಲು, ಒಡೆದ ಪಾಟಿ, ಮರೆತ ಹೆಸರು, ಮೂರೂ ನನ್ನ ಕಟ್ಟುಕಥೆ. ನೀನು ಇಟ್ಟ ಹೆಸರಿನ ಮೇಲೆ ಕಟ್ಟಿದ್ದು. ಎದುರು ಕೂತು ಕೇಳಿದವಳು ನೀನು, ಎರಡನೆಯ ಸಾಲಿಗೇ ಹಿಡಿದಿರುತ್ತೀ. ಆ ಅರವತ್ತೊಂದರಲ್ಲಿ ಒಂದನ್ನೂ ನಾನು ತೆರೆದು ಕೇಳಿಲ್ಲ. ಜಾಲದ ವೇಗ ಅಳೆಯಲು ಅವುಗಳ ಗಾತ್ರ ಅನುಕೂಲವಾಗಿತ್ತು, ಅದಕ್ಕೆಂದು ಅವನ್ನೇ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಕಳಿಸುತ್ತಿದ್ದೆ. ಒಂದೂಕಾಲು ವರ್ಷದ ಭಾನುವಾರಗಳು ನಾಲ್ಕು ಸೆಕೆಂಡು. ಮೂರೂವರೆಗೆ ಇಳಿಸಬೇಕೆಂದು ತಿಂಗಳುಗಟ್ಟಲೆ ಒದ್ದಾಡಿದೆ. ನೋಟ್‌ಬುಕ್ಕಿನಲ್ಲಿ ಮೊದಲ ಪುಟ ಬಿಟ್ಟರೆ ಉಳಿದದ್ದು ಖಾಲಿ ಇದೆ. ಆ ಪುಟದಲ್ಲೂ ಇರುವುದು ಒಂದೇ ಸಾಲು. ಅಷ್ಟೂ ಭಾನುವಾರಗಳಲ್ಲಿ ನನ್ನ ಕಿವಿಗೆ ಬಿದ್ದದ್ದು ಅದೊಂದೇ, ಅದೂ ನನಗೇ ಹೇಳಿದ್ದು. ನೀನು ಫೋನು ಹಿಡಿದು ಕಾಯುತ್ತಿದ್ದಾಗ ಅವರು ಗೋಡೆ ಹಿಡಿದುಕೊಂಡು ಖೋಲಿಯ ತನಕ ಬಂದು, 'ಅಳಿಯಾರ, ಅದನ್ನೊಂದ ತಾಸು ಬಂದ್ ಮಾಡ್ತೀರೇನ್ರಿ, ನನ್ನ ಮಾತ ನನಗ ಕೇಳವಲ್ದು' ಅಂದರು. ನಾನು ಎದ್ದು ಬಾಗಿಲು ಹಾಕಿಕೊಂಡೆ.